‘ಮೀರಬಾರದು’ ಅಂದರೆ ‘ಒಳಗೆ’ ಅಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೂ ಪೆನ್ಸಿಲ್ ಹಿಡಿದುಕೊಂಡೇ ಪತ್ರಿಕೆ ಓದುತ್ತೇನೆ. ಇವತ್ತು ಒಂದೇ ಒಂದು ಪದದ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. ಅದು ಇಂಗ್ಲಿಷಿನ ‘ಎಕ್ಸೀಡ್’. ಪತ್ರ ಸ್ವಲ್ಪ ಉದ್ದವಾಗಿದೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಪರವಾಗಿಲ್ಲ. ಆದರೆ ನಿಮ್ಮ ಸುದ್ದಿಮನೆಯಲ್ಲಿ ಅನುವಾದ ಮಾಡುವವರು ಒಮ್ಮೆ ಪೂರ್ತಿ ಓದಲಿ ಎಂದು ಕೇಳಿಕೊಳ್ಳುತ್ತೇನೆ.

ಬರೆಯಲು ಕಾರಣ ನನ್ನ ಅಕ್ಕನ ಮಗಳು. ಅವಳು ಒಂದು ಕೆಲಸಕ್ಕೆ ಅರ್ಜಿ ಹಾಕಬೇಕೆಂದು 2 ವರ್ಷದಿಂದ ಓದುತ್ತಿದ್ದಳು. ಕೊನೆಗೂ ಪ್ರಕಟಣೆ ಬಂತು. ನಿಮ್ಮ ಪತ್ರಿಕೆಯ ಉದ್ಯೋಗದ ಪುಟದಲ್ಲಿ ಅದರ ಸಾರಾಂಶವೂ ಬಂತು. ‘30 ವರ್ಷದೊಳಗಿನವರು ಅರ್ಜಿ ಸಲ್ಲಿಸಬಹುದು’ ಎಂದಿತ್ತು. ವಯಸ್ಸನ್ನು ಲೆಕ್ಕ ಹಾಕುವ ದಿನಾಂಕವನ್ನೂ ಕೊಟ್ಟಿದ್ದರು. ಆ ದಿನಾಂಕವೇ ಅವಳ ಹುಟ್ಟುಹಬ್ಬ. ಅವತ್ತಿಗೆ ಅವಳಿಗೆ ಸರಿಯಾಗಿ 30 ತುಂಬುತ್ತಿತ್ತು. ‘ಒಂದೇ ದಿನದಲ್ಲಿ ತಪ್ಪಿಹೋಯ್ತು ಚಿಕ್ಕಮ್ಮ’ ಎಂದು ಫೋನಿನಲ್ಲಿ ಹೇಳಿದಳು. ನಾನೂ ಹಾಗೇ ಅಂದುಕೊಂಡೆ. ಸಮಾಧಾನ ಮಾಡಿದೆ.

ಅರ್ಜಿಯ ಗಡುವು ಮುಗಿದು 4 ದಿನವಾದ ಮೇಲೆ ಮೂಲ ಇಂಗ್ಲಿಷ್ ಪ್ರಕಟಣೆ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ‘ಶುಡ್ ನಾಟ್ ಎಕ್ಸೀಡ್ 30 ಇಯರ್ಸ್’ ಎಂದಿತ್ತು. ಅಂದರೆ ವಯಸ್ಸು 30 ಮೀರಿರಬಾರದು. ಸರಿಯಾಗಿ 30 ಆದವರು 30 ಮೀರಿದವರಲ್ಲ. ಅವಳು ಅರ್ಜಿ ಹಾಕಬಹುದಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. 31 ವರ್ಷ ಮಕ್ಕಳಿಗೆ ಕಲಿಸಿದ ಪದ, ಮನೆಯ ಮಗುವಿಗೆ ಬೇಕಾದಾಗ ನಾನು ಮೂಲ ಹುಡುಕಿ ನೋಡಲಿಲ್ಲವಲ್ಲ ಅಂತ.

‘ಎಕ್ಸೀಡ್’ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ. ‘ಎಕ್ಸ್’ ಅಂದರೆ ಹೊರಗೆ. ‘ಕೇದೆರೆ’ ಅಂದರೆ ಹೋಗು. ಎರಡೂ ಸೇರಿದರೆ ಹೊರಗೆ ಹೋಗು, ಗೆರೆ ದಾಟಿ ಆಚೆ ಹೋಗು ಎಂದಾಯಿತು. ಫ್ರೆಂಚಿನ ಮೂಲಕ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಈ ಚಿತ್ರ ಮನಸ್ಸಿನಲ್ಲಿದ್ದರೆ ಸಾಕು. ಗೆರೆಯ ಮೇಲೆ ನಿಂತವನು ಇನ್ನೂ ಹೊರಗೆ ಹೋಗಿಲ್ಲ. ಆಚೆ ಕಾಲಿಟ್ಟಾಗ ಮಾತ್ರ ಅವನು ಮೀರಿದ ಹಾಗೆ. ಗಣಿತದ ಮೇಷ್ಟ್ರ ಭಾಷೆಯಲ್ಲಿ ಹೇಳುವುದಾದರೆ ‘ಎಕ್ಸೀಡ್’ ಅಂದರೆ ‘ಹೆಚ್ಚು’, ‘ನಾಟ್ ಎಕ್ಸೀಡ್’ ಅಂದರೆ ‘ಕಡಿಮೆ ಅಥವಾ ಸಮ’. ಆ ‘ಸಮ’ ಅನ್ನುವುದು ಕನ್ನಡದ ‘ಒಳಗೆ’ಯಲ್ಲಿ ಕಳೆದುಹೋಗುತ್ತದೆ. ‘ಕಡಿಮೆ ಇರಬೇಕು’ ಎಂದು ಬರೆದರಂತೂ ಅದಕ್ಕೆ ಜಾಗವೇ ಇಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಮಾತಿದೆ, ‘ಅಟೇನ್’. ‘30 ವರ್ಷ ಅಟೇನ್ ಆಗಿರಬಾರದು’ ಎಂದು ಪ್ರಕಟಣೆಯಲ್ಲಿದ್ದರೆ ಆಗ 30 ತುಂಬಿದವರಿಗೆ ನಿಜವಾಗಿ ಅವಕಾಶ ಇಲ್ಲ. ಕನ್ನಡದಲ್ಲಿ ಈ ಎರಡಕ್ಕೂ ಎಷ್ಟು ಚೆನ್ನಾದ ಪದಗಳಿವೆ ನೋಡಿ. ಅಟೇನ್ ಅಂದರೆ ತುಂಬುವುದು. ಎಕ್ಸೀಡ್ ಅಂದರೆ ಮೀರುವುದು. ‘30 ತುಂಬಿರಬಾರದು’, ‘30 ಮೀರಿರಬಾರದು’. ಎರಡಕ್ಕೂ ಒಂದು ದಿನದ ವ್ಯತ್ಯಾಸ. ಆ ಒಂದು ದಿನದಲ್ಲಿ ಹುಟ್ಟಿದವರಿಗೆ ಅದೇ ಎಲ್ಲ. ನಮ್ಮ ಹತ್ತಿರ ಎರಡು ಪದ ಇರುವಾಗ ಎರಡಕ್ಕೂ ‘ಒಳಗಿನವರು’ ಎಂದು ಯಾಕೆ ಬರೆಯಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನೇ ತೆಗೆದುಕೊಳ್ಳಿ. ಹಾಸಿಗೆಗಿಂತ ಕಡಿಮೆ ಚಾಚು ಎಂದು ಹಿರಿಯರು ಹೇಳಲಿಲ್ಲ. ‘ಇದ್ದಷ್ಟು’ ಎಂದರು. ಹಾಸಿಗೆಯ ಅಂಚಿನವರೆಗೂ ನಿಮ್ಮದೇ. ‘ನಾಟ್ ಎಕ್ಸೀಡ್’ ಅನ್ನು ಇಷ್ಟು ಅಚ್ಚುಕಟ್ಟಾಗಿ ಹೇಳುವ ಮಾತು ಇಂಗ್ಲಿಷಿನಲ್ಲಿ ನನಗೆ ಸಿಕ್ಕಿಲ್ಲ.

ತರಗತಿಯಲ್ಲಿ ಇದನ್ನು ಹೇಳಿಕೊಡಲು ನಾನು ಪ್ರತಿ ವರ್ಷ ಒಂದು ಉದ್ದ ಜಿಗಿತದ ಕಥೆ ಹೇಳುತ್ತಿದ್ದೆ. 1968ರ ಅಕ್ಟೋಬರ್ 18. ಮೆಕ್ಸಿಕೋ ಸಿಟಿ ಒಲಿಂಪಿಕ್ಸ್. ಅಮೆರಿಕದ ಬಾಬ್ ಬೀಮನ್ ಓಡಿ ಬಂದು ಜಿಗಿದ. ಅಲ್ಲಿಯವರೆಗಿನ ವಿಶ್ವದಾಖಲೆ 8.35 ಮೀಟರ್. ಅಳತೆಗೆ ಒಂದು ಹಳಿಯ ಮೇಲೆ ಸರಿಯುವ ದರ್ಶಕ ಯಂತ್ರ ಇಟ್ಟಿದ್ದರು. ಅವನು ಬಿದ್ದ ಜಾಗದವರೆಗೆ ಆ ಯಂತ್ರ ಹೋಗಲೇ ಇಲ್ಲ. ಕೊನೆಗೆ ಟೇಪ್ ತಂದು ಕೈಯಿಂದ ಅಳೆದರು. 8.90 ಮೀಟರ್. ಹಳೆಯ ದಾಖಲೆಯನ್ನು 55 ಸೆಂಟಿಮೀಟರಿನಷ್ಟು ಮೀರಿದ್ದ. ಯಂತ್ರದ ಅಳತೆಯನ್ನೂ ಮೀರಿದ್ದ.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಜಿಗಿತಕ್ಕೆ ಹಿಂದಿನಿಂದ ಬೀಸುವ ಗಾಳಿ ಸಹಾಯ ಮಾಡುತ್ತದೆ. ಹಾಗಾಗಿ ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಮೀರಿದ್ದರೆ ದಾಖಲೆ ಲೆಕ್ಕಕ್ಕೆ ಬರುವುದಿಲ್ಲ. ಅವತ್ತು ಬೀಮನ್ ಜಿಗಿದಾಗ ಅಳೆದ ಗಾಳಿ ಎಷ್ಟು ಗೊತ್ತಾ? ಸರಿಯಾಗಿ 2.0 ಮೀಟರ್. ಮಿತಿಯ ಮೇಲೆಯೇ ನಿಂತಿತ್ತು. ಮೀರಿರಲಿಲ್ಲ. ದಾಖಲೆ ಉಳಿಯಿತು. 1991ರಲ್ಲಿ ಟೋಕಿಯೊದಲ್ಲಿ ಮೈಕ್ ಪೊವೆಲ್ 8.95 ಮೀಟರ್ ಜಿಗಿಯುವವರೆಗೆ, ಅಂದರೆ ಸುಮಾರು 23 ವರ್ಷ, ಅದೇ ವಿಶ್ವದಾಖಲೆ. ಒಲಿಂಪಿಕ್ಸ್ ದಾಖಲೆಯಾಗಿ ಇವತ್ತಿಗೂ ಅದೇ ಇದೆ. ಆ ನಿಯಮವನ್ನು ಯಾರಾದರೂ ‘ಗಾಳಿ 2 ಮೀಟರಿನೊಳಗೆ ಇರಬೇಕು’ ಎಂದು ಓದಿದ್ದರೆ ಏನಾಗುತ್ತಿತ್ತು ಎಂದು ಮಕ್ಕಳನ್ನು ಕೇಳುತ್ತಿದ್ದೆ. ಇಡೀ ತರಗತಿ ಒಂದು ಕ್ಷಣ ಸುಮ್ಮನಾಗುತ್ತಿತ್ತು. ಆಮೇಲೆ ಆ ಪದವನ್ನು ಅವರು ಮರೆಯುತ್ತಿರಲಿಲ್ಲ.

ಮುಟ್ಟುವುದು ಬೇರೆ, ಮೀರುವುದು ಬೇರೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ವಿಜ್ಞಾನದ್ದು. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಯಾವ ವಸ್ತುವೂ ಅದನ್ನು ಮೀರಲಾರದು ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಅದು ನಿಜ. ಆದರೆ ಅದು ಅರ್ಧ ಮಾತು. ಬೆಳಕು ಆ ವೇಗವನ್ನು ಮುಟ್ಟುತ್ತದೆ, ಮೀರುವುದಿಲ್ಲ. ತೂಕ ಇರುವ ವಸ್ತು ಮೀರುವುದಿರಲಿ, ಮುಟ್ಟುವುದೂ ಇಲ್ಲ. ‘ಎಕ್ಸೀಡ್ ಆಗಲ್ಲ’ ಎಂದಷ್ಟೇ ಹೇಳಿದರೆ ಇವೆರಡರಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ.

ಇನ್ನು ಬಳಕೆಯ ವಿಷಯ. ಇದು ನನ್ನ ವೃತ್ತಿಯ ಮಾತು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಈ ಪದ ಬಳಸುವಾಗ ಎರಡು ತಪ್ಪು ಮಾಡುತ್ತಾರೆ. ಮಕ್ಕಳಷ್ಟೇ ಅಲ್ಲ, ಕಚೇರಿಯ ಪತ್ರಗಳಲ್ಲೂ ನೋಡಿದ್ದೇನೆ. ಮೊದಲನೆಯದು ‘ಎಕ್ಸೀಡೆಡ್ ದ್ಯಾನ್ ದ ಲಿಮಿಟ್’ ಎಂದು ಬರೆಯುವುದು. ಕೆಲವರು ‘ಎಕ್ಸೀಡೆಡ್ ಓವರ್ ದ ಲಿಮಿಟ್’ ಎಂದೂ ಬರೆಯುತ್ತಾರೆ. ಎರಡೂ ತಪ್ಪು. ‘ಎಕ್ಸೀಡೆಡ್ ದ ಲಿಮಿಟ್’, ಅಷ್ಟೇ. ನಡುವೆ ಏನೂ ಬೇಡ. ಹೊರಗೆ ಎಂಬ ಅರ್ಥ ಪದದ ಹೊಟ್ಟೆಯಲ್ಲೇ ಇದೆ. ಈ ತಪ್ಪು ಎಲ್ಲಿಂದ ಬರುತ್ತದೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಮಗು ಮನಸ್ಸಿನಲ್ಲಿ ‘ಮಿತಿಗಿಂತ ಹೆಚ್ಚಾಯಿತು’ ಎಂದು ಯೋಚಿಸುತ್ತದೆ. ಆ ‘ಗಿಂತ’ ಇಂಗ್ಲಿಷಿಗೆ ಹೋಗುವಾಗ ‘ದ್ಯಾನ್’ ಆಗುತ್ತದೆ. ಅದೇ ಮಗುವಿಗೆ ‘ಮಿತಿಯನ್ನು ಮೀರಿತು’ ಎಂದು ಯೋಚಿಸಲು ಹೇಳಿ. ‘ಅನ್ನು’ ಬಂತು, ‘ಗಿಂತ’ ಹೋಯಿತು. ಇಂಗ್ಲಿಷ್ ತಾನಾಗಿಯೇ ಸರಿಹೋಗುತ್ತದೆ. ನಮ್ಮ ‘ಮೀರು’ ಮತ್ತು ಅವರ ‘ಎಕ್ಸೀಡ್’ ಕಟ್ಟಿಕೊಂಡಿರುವ ರೀತಿ ಅಷ್ಟು ಒಂದೇ. ಇದನ್ನು ಕಂಡುಕೊಂಡ ವರ್ಷ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಕನ್ನಡವೇ ಅಡ್ಡಿ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಇಲ್ಲಿ ಕನ್ನಡವೇ ಕೈ ಹಿಡಿದು ನಡೆಸುತ್ತಿತ್ತು.

ಎರಡನೆಯ ತಪ್ಪು ‘ದ ಲಿಮಿಟ್ ಹ್ಯಾಸ್ ಎಕ್ಸೀಡೆಡ್’. ಮಿತಿ ತಾನೇ ಎದ್ದು ಎಲ್ಲಿಗೂ ಹೋಗುವುದಿಲ್ಲ. ಬೇರೆ ಏನೋ ಅದನ್ನು ಮೀರುತ್ತದೆ. ಹಾಗಾಗಿ ‘ಹ್ಯಾಸ್ ಬೀನ್ ಎಕ್ಸೀಡೆಡ್’ ಆಗಬೇಕು. ಈ ತಪ್ಪಿಗೂ ಬೇರು ನಮ್ಮ ಭಾಷೆಯಲ್ಲೇ ಇದೆ. ನಾವು ‘ಮಿತಿ ಮೀರಿದೆ’ ಎನ್ನುತ್ತೇವೆ. ನೋಡಲು ಮಿತಿಯೇ ಕರ್ತೃವಿನ ಹಾಗೆ ಕಾಣುತ್ತದೆ. ನಿಜವಾಗಿ ಅಲ್ಲಿರುವುದು ‘ಮಿತಿಯನ್ನು ಮೀರಿದೆ’. ಮಾತಿನಲ್ಲಿ ‘ಯನ್ನು’ ಉದುರಿಹೋಗಿದೆ. ಏನು ಮೀರಿದೆ ಎಂಬುದೂ ಬಿಟ್ಟುಹೋಗಿದೆ. ಕೇಳುವವರಿಗೆ ಸಂದರ್ಭ ಗೊತ್ತಿರುವುದರಿಂದ ಕನ್ನಡದಲ್ಲಿ ಏನೂ ತೊಂದರೆ ಇಲ್ಲ. ಇಂಗ್ಲಿಷಿಗೆ ಹೋಗುವಾಗ ಮಾತ್ರ ಉದುರಿದ್ದನ್ನು ಹೆಕ್ಕಿ ಜೋಡಿಸಬೇಕು. ‘ಬಜೆಟ್ ಎಕ್ಸೀಡ್ ಆಯ್ತು’ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತೇವೆ. ಪತ್ರಿಕೆಯಲ್ಲಿ ‘ಖರ್ಚು ಬಜೆಟ್ಟನ್ನು ಮೀರಿತು’ ಎಂದು ಬರೆದರೆ ಯಾವುದು ಯಾವುದನ್ನು ಮೀರಿತು ಎಂದು ಓದುಗರಿಗೆ ಸ್ಪಷ್ಟವಾಗುತ್ತದೆ.

ಕಾಗುಣಿತದ ಬಗ್ಗೆ ಒಂದೇ ಮಾತು. ಈ ಕುಟುಂಬದಲ್ಲಿ ಕೊನೆಗೆ ಎರಡು ‘ಇ’ ಸೇರಿಸಿ ಬರೆಯುವ ಪದಗಳು ಮೂರೇ: ಎಕ್ಸೀಡ್, ಪ್ರೊಸೀಡ್, ಸಕ್ಸೀಡ್. ಉಳಿದ ಪ್ರಿಸೀಡ್, ರಿಸೀಡ್, ಕನ್ಸೀಡ್ ಎಲ್ಲ ಬೇರೆ ರೀತಿ. ಅವುಗಳಲ್ಲೇ ಒಂದು ‘ಅಕ್ಸೀಡ್’. ಅದರ ಅರ್ಥ ಒಪ್ಪಿಕೊಳ್ಳು. ನಮ್ಮ ಉಚ್ಚಾರದಲ್ಲಿ ‘ಎಕ್ಸೀಡ್’, ‘ಅಕ್ಸೀಡ್’ ಎರಡೂ ಒಂದೇ ಥರ ಕೇಳಿಸುತ್ತವೆ. ಬೇಡಿಕೆಗೆ ಒಪ್ಪಿದರು ಎನ್ನಬೇಕಾದಲ್ಲಿ ಬೇಡಿಕೆಯನ್ನು ಮೀರಿದರು ಎಂದು ಬರೆದ ಉತ್ತರ ಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಯಾರದೋ ಭಾಷಣ ಕೇಳಿ ವರದಿ ಬರೆಯುವವರು ಇದನ್ನು ಗಮನಿಸಬೇಕು.

ಈಗ ನಿಮ್ಮ ತಲೆಬರಹಗಳ ವಿಷಯಕ್ಕೆ ಬರುತ್ತೇನೆ.

‘ಎಕ್ಸೀಡ್’ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ನಿರೀಕ್ಷೆ ಮೀರಿದರೆ ಹೊಗಳಿಕೆ. ವೇಗದ ಮಿತಿ ಮೀರಿದರೆ ತಪ್ಪು. ಉಷ್ಣತೆ 40 ಡಿಗ್ರಿ ಮೀರಿತು ಎಂದರೆ ಬರೀ ಸಂಗತಿ. ಪದ ತಾನೇ ತೀರ್ಪು ಕೊಡುವುದಿಲ್ಲ. ಅದರ ನೆಂಟ ‘ಎಕ್ಸೆಸಿವ್’ ಹಾಗಲ್ಲ. ಅದು ‘ಅತಿಯಾಯಿತು’ ಎಂದು ತೀರ್ಪು ಕೊಟ್ಟೇಬಿಡುತ್ತದೆ. ಹಾಗಾಗಿ ಮೂಲದಲ್ಲಿ ‘ಎಕ್ಸೀಡ್’ ಎಂದಿರುವಾಗ ಕನ್ನಡದಲ್ಲಿ ‘ವಿಪರೀತ’ ಎಂದೋ ‘ಅತಿಯಾದ’ ಎಂದೋ ಬರೆದರೆ, ವರದಿಗಾರರು ಹೇಳದ ತೀರ್ಪನ್ನು ಅನುವಾದಕರು ಸೇರಿಸಿದ ಹಾಗಾಗುತ್ತದೆ.

ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಸೂಕ್ಷ್ಮವಾಗಿದೆ. ನಮ್ಮಲ್ಲಿ ‘ಮೀರು’ ಇದೆ, ‘ಮೀರಿಸು’ ಕೂಡ ಇದೆ. ಮಗ ಅಪ್ಪನ ಮಾತು ಮೀರಿದ ಎಂದರೆ ಎದುರು ನಡೆದ ಎಂದರ್ಥ. ಮಗ ಅಪ್ಪನನ್ನು ಮೀರಿಸಿದ ಎಂದರೆ ಅಪ್ಪನೇ ಹೆಮ್ಮೆಪಡುವ ವಿಷಯ. ಒಂದು ‘ಇಸು’ ಸೇರಿದ್ದಕ್ಕೆ ದೂರು ಹೋಗಿ ಹೊಗಳಿಕೆ ಬಂತು. ಕೈ ಮೀರಿತು, ಹೊತ್ತು ಮೀರಿತು, ಅವಧಿ ಮೀರಿತು, ಶಕ್ತಿ ಮೀರಿ ದುಡಿದರು, ಹದ್ದು ಮೀರಿ ಮಾತಾಡಿದರು. ಒಂದೊಂದರಲ್ಲೂ ಬೇರೆ ಬೇರೆ ಭಾವ. ಹೆಚ್ಚು ಎಂದಷ್ಟೇ ಹೇಳಬೇಕಾದಾಗ ‘ಸಾವಿರಕ್ಕೂ ಮಿಕ್ಕಿ ಜನ’ ಎನ್ನುವ ಚಂದದ ಮಾತೂ ಇದೆ.

ಇಷ್ಟೆಲ್ಲ ಇರುವಾಗ ಎಲ್ಲದಕ್ಕೂ ‘ಗಡಿ ದಾಟಿತು’ ಎಂದೇ ಬರೆಯುತ್ತೀರಿ. ಕ್ರಿಕೆಟಿಗ ನೂರರ ಗಡಿ ದಾಟಿದರೆ ಸರಿ, ಅವನು ಅದಕ್ಕಾಗಿಯೇ ಆಡುತ್ತಿದ್ದ. ದುರಂತದಲ್ಲಿ ಸತ್ತವರ ಸಂಖ್ಯೆಗೂ ‘ನೂರರ ಗಡಿ ದಾಟಿದೆ’ ಎಂದು ಬರೆದಾಗ ನನಗೆ ಕರುಳು ಚುರುಕ್ ಎನ್ನುತ್ತದೆ. ಸಾವು ಯಾವ ಗುರಿಯತ್ತ ಓಡುತ್ತಿತ್ತು? ಸತ್ತವರು ನೂರಕ್ಕೂ ಹೆಚ್ಚು ಎಂದು ಬರೆದರೆ ಸಾಕಲ್ವಾ? ಆ ಮನೆಯವರೂ ಅವತ್ತಿನ ಪತ್ರಿಕೆ ಓದುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಅಧಿಕಾರದ ವಿಷಯ. ನ್ಯಾಯಾಲಯದ ವರದಿಗಳಲ್ಲಿ ‘ಎಕ್ಸೀಡೆಡ್ ಹಿಸ್ ಅಥಾರಿಟಿ’ ಎಂದು ಬರುತ್ತದೆ. ಅದನ್ನು ‘ಅಧಿಕಾರ ದುರುಪಯೋಗ’ ಎಂದು ಅನುವಾದ ಮಾಡಿದ್ದನ್ನು ಎಷ್ಟೋ ಸಲ ಓದಿದ್ದೇನೆ. ಅಧಿಕಾರ ಮೀರುವುದು ಅಂದರೆ ತನಗೆ ಕೊಡದೇ ಇದ್ದ ಅಧಿಕಾರವನ್ನು ಚಲಾಯಿಸುವುದು. ಒಳ್ಳೆಯ ಮನಸ್ಸಿನಿಂದಲೂ, ತಿಳಿಯದೆಯೂ ಅದು ಆಗಬಹುದು. ದುರುಪಯೋಗ ಅಂದರೆ ತನಗೆ ಇದ್ದ ಅಧಿಕಾರವನ್ನೇ ಕೆಟ್ಟದ್ದಕ್ಕೆ ಬಳಸುವುದು. ಮೊದಲನೆಯದು ಗೆರೆಯ ಆಚೆ ನಡೆಯುವ ತಪ್ಪು. ಎರಡನೆಯದು ಗೆರೆಯ ಒಳಗೇ ನಡೆಯುತ್ತದೆ. ಒಬ್ಬ ಮನುಷ್ಯನ ಹೆಸರಿನ ಮುಂದೆ ಒಂದರ ಬದಲು ಇನ್ನೊಂದನ್ನು ಬರೆದರೆ ಅವನಿಗೆ ಕಳಂಕ ಹಚ್ಚಿದ ಹಾಗೆ.

ಈ ವ್ಯತ್ಯಾಸ ಬರೀ ಪಂಡಿತರ ತಕರಾರು ಎಂದುಕೊಳ್ಳಬೇಡಿ. ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಇದೇ ಕ್ರಿಯಾಪದದ ಮೇಲೆ ಒಂದು ದೊಡ್ಡ ಪ್ರಕರಣವನ್ನು ತೀರ್ಮಾನಿಸಿತು. ವ್ಯಾನ್ ಬ್ಯೂರನ್ ಪ್ರಕರಣ ಎಂದು ಅದಕ್ಕೆ ಹೆಸರು. ವ್ಯಾನ್ ಬ್ಯೂರನ್ ಜಾರ್ಜಿಯಾ ರಾಜ್ಯದ ಒಬ್ಬ ಪೊಲೀಸ್ ಸಾರ್ಜೆಂಟ್ ಆಗಿದ್ದರು. ವಾಹನಗಳ ನಂಬರ್ ಹುಡುಕುವ ಪೊಲೀಸ್ ಕಂಪ್ಯೂಟರ್ ನೋಡಲು ಅವರಿಗೆ ಅನುಮತಿ ಇತ್ತು. ಆ ಅನುಮತಿಯನ್ನು ಬಳಸಿ, ಹಣದ ಆಸೆಗೆ, ಇನ್ನೊಬ್ಬರಿಗಾಗಿ ಒಂದು ನಂಬರ್ ಹುಡುಕಿದರು. ಅಲ್ಲಿ 1986ರ ಒಂದು ಕಂಪ್ಯೂಟರ್ ಅಪರಾಧ ಕಾನೂನು ಇದೆ. ಕೊಟ್ಟ ಪ್ರವೇಶವನ್ನು ‘ಎಕ್ಸೀಡ್’ ಮಾಡಿದವನು ಅಪರಾಧಿ ಎಂದು ಅದು ಹೇಳುತ್ತದೆ. ಅವರು ಮೀರಿದರೋ ಇಲ್ಲವೋ ಎಂಬುದೇ ಪ್ರಶ್ನೆ. ಕೆಳಗಿನ ನ್ಯಾಯಾಲಯದಲ್ಲಿ 18 ತಿಂಗಳ ಶಿಕ್ಷೆ ಆಗಿತ್ತು.

ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳಲ್ಲಿ 6 ಜನ ‘ಇಲ್ಲ, ಮೀರಿಲ್ಲ’ ಎಂದರು. ತೀರ್ಪು ಬರೆದವರು ಏಮಿ ಕೋನಿ ಬ್ಯಾರೆಟ್. ಮಾಡಿದ ಕೆಲಸದ ಉದ್ದೇಶ ಕೆಟ್ಟದ್ದೇ ಇರಬಹುದು. ಆದರೆ ಆ ಮಾಹಿತಿ ತೆರೆದು ನೋಡಲು ಅವರಿಗೆ ಬಾಗಿಲು ತೆರೆದೇ ಇತ್ತು. ತೆರೆದ ಬಾಗಿಲಿನಿಂದ ಹೋಗಿ ಕೆಟ್ಟ ಕೆಲಸ ಮಾಡಿದರೆ ಅದು ಬೇರೆ ತಪ್ಪು, ಈ ಕಾನೂನು ಹೇಳುವ ‘ಎಕ್ಸೀಡ್’ ಅಲ್ಲ. ಹಾಗಲ್ಲದೆ ಅಗಲವಾಗಿ ಅರ್ಥ ಮಾಡಿದರೆ, ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ಇಮೇಲ್ ಕಳಿಸಿದವರೂ ಸುದ್ದಿ ಓದಿದವರೂ ಅಪರಾಧಿಗಳಾಗಬಹುದು ಎಂದು ತೀರ್ಪಿನಲ್ಲಿ ಹೇಳಿದ್ದಾರೆ. ಉಳಿದ 3 ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. ಅಷ್ಟು ದೊಡ್ಡ ನ್ಯಾಯಾಲಯ ಒಂದು ಕ್ರಿಯಾಪದದ ಗಡಿಯನ್ನು ಅಷ್ಟು ಜಾಗರೂಕತೆಯಿಂದ ಅಳೆಯಿತು. ಕನ್ನಡದಲ್ಲಿ ಹೇಳಿದರೆ ಇಡೀ ತೀರ್ಪು ‘ಮೀರುವುದು’ ಮತ್ತು ‘ದುರುಪಯೋಗ’ ಎಂಬ ಎರಡು ಪದಗಳ ನಡುವಿನ ಅಂತರ. ಆ ಎರಡನ್ನೂ ನಾವು ಒಂದರ ಬದಲು ಒಂದು ಬಳಸುತ್ತಿದ್ದೇವೆ.

ಔಷಧದ ವಿಷಯವನ್ನು ಬಿಡುವ ಹಾಗಿಲ್ಲ. ಕೆಲವು ವರ್ಷದ ಹಿಂದೆ ನನ್ನ ತಾಯಿಗೆ ಜ್ವರ ಬಂದಿತ್ತು. ಪ್ಯಾರಾಸಿಟಮಾಲ್ ಮಾತ್ರೆಯ ಜೊತೆ ಬಂದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘24 ಗಂಟೆಯಲ್ಲಿ 8 ಮಾತ್ರೆ ಎಕ್ಸೀಡ್ ಆಗಬಾರದು’ ಎಂಬ ಅರ್ಥದ ಸಾಲಿತ್ತು. ಕನ್ನಡದಲ್ಲಿ ಇದ್ದದ್ದು ‘ದಿನಕ್ಕೆ 8 ಮಾತ್ರೆ’. ಅಮ್ಮ ಬೆಳಿಗ್ಗೆಯಿಂದ ಲೆಕ್ಕ ಇಟ್ಟುಕೊಂಡು ತೆಗೆದುಕೊಳ್ಳುತ್ತಿದ್ದರು. ‘ಇನ್ನೂ 3 ಬಾಕಿ ಇದೆ ಕಣೇ, ಮಲಗೋದರ ಒಳಗೆ ಮುಗಿಸಬೇಕು’ ಎಂದರು. ಜ್ವರ ಆಗಲೇ ಇಳಿದಿತ್ತು. ನಾನು ಅವತ್ತು ಅವರ ಪಕ್ಕದಲ್ಲಿ ಇದ್ದದ್ದಕ್ಕೆ ಸರಿಹೋಯಿತು.

ಮೀರಬಾರದು ಎಂದರೆ ಅಷ್ಟು ಮುಟ್ಟಬೇಕು ಎಂದಲ್ಲ. ಅದು ಚಾವಣಿ, ಗುರಿ ಅಲ್ಲ. ಪ್ಯಾರಾಸಿಟಮಾಲ್ ವಿಷಯದಲ್ಲಿ ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ, ಸಾಮಾನ್ಯವಾಗಿ ಹೇಳುವ ಮೇಲಿನ ಮಿತಿ. ತೂಕ ಕಡಿಮೆ ಇದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ವೈದ್ಯರು ಅದಕ್ಕಿಂತ ಕಡಿಮೆ ಹೇಳುತ್ತಾರೆ. ಈ ಮಿತಿ ಸುಮ್ನೆ ಇಟ್ಟದ್ದಲ್ಲ. ಔಷಧದ ಒಂದು ಸಣ್ಣ ಪಾಲು ಯಕೃತ್ತಿನಲ್ಲಿ ವಿಷದ ವಸ್ತುವಾಗಿ ಬದಲಾಗುತ್ತದೆ. ಅದನ್ನು ತಟಸ್ಥ ಮಾಡಲು ಯಕೃತ್ತಿನಲ್ಲಿ ಗ್ಲುಟಾಥಯಾನ್ ಎಂಬ ವಸ್ತು ಇರುತ್ತದೆ. ಮಾತ್ರೆ ಮಿತಿ ಮೀರಿ ತೆಗೆದುಕೊಂಡರೆ ಆ ಗ್ಲುಟಾಥಯಾನ್ ಬರಿದಾಗುತ್ತದೆ. ಆಮೇಲೆ ವಿಷ ಯಕೃತ್ತನ್ನೇ ಹಾಳು ಮಾಡುತ್ತದೆ. ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಇದೇ ಔಷಧ ಸೇರಿರುತ್ತದೆ. ಎಲ್ಲವನ್ನೂ ಕೂಡಿ ಲೆಕ್ಕ ಹಾಕಬೇಕು. ‘ದಿನಕ್ಕೆ’ ಎನ್ನುವುದಕ್ಕೂ ‘24 ಗಂಟೆಯಲ್ಲಿ’ ಎನ್ನುವುದಕ್ಕೂ ವ್ಯತ್ಯಾಸ ಇದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದ ಕೂಡಲೇ ಹೊಸ ಲೆಕ್ಕ ಶುರುವಾಗುವುದಿಲ್ಲ. ನಿಮ್ಮ ಆರೋಗ್ಯ ಪುಟದಲ್ಲಿ ದಯವಿಟ್ಟು ‘24 ಗಂಟೆಯಲ್ಲಿ ಇಷ್ಟನ್ನು ಮೀರಬಾರದು, ಬೇಡದಿದ್ದರೆ ಕಡಿಮೆ ಸಾಕು’ ಎಂದು ಪೂರ್ತಿ ಬರೆಯಿರಿ. ಒಂದು ಸಾಲು ಜಾಸ್ತಿಯಾದರೆ ಆಗಲಿ.

ಮೀರಿತು ಎಂದು ಬರೆದಾಗ ಎಷ್ಟು ಎಂದೂ ಬರೆಯಬೇಕು. ‘ಎಕ್ಸೀಡ್’ ಎಂಬ ಪದ ಅಳತೆ ಹೇಳುವುದಿಲ್ಲ. ಕೂದಲೆಳೆಯಷ್ಟು ಮೀರಿದರೂ ಮೀರಿದ ಹಾಗೆ, ಹತ್ತು ಪಟ್ಟು ಮೀರಿದರೂ ಮೀರಿದ ಹಾಗೆ. ಗಂಟೆಗೆ 50 ಕಿಲೋಮೀಟರ್ ಮಿತಿ ಇರುವ ರಸ್ತೆಯಲ್ಲಿ ವಾಹನ 60ರಲ್ಲಿ ಹೋದರೆ ವೇಗ 20 ಶೇಕಡಾ ಮೀರಿದೆ. ಆದರೆ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು 44 ಶೇಕಡಾ ಹೆಚ್ಚಾಗುತ್ತದೆ. ಬರೀ ‘ವೇಗದ ಮಿತಿ ಮೀರಿದ ವಾಹನ’ ಎಂದರೆ ಇದು ಯಾವುದೂ ಓದುಗರಿಗೆ ತಲುಪುವುದಿಲ್ಲ. ಹಾಗೆಯೇ ‘ಮೂರು ಪಟ್ಟು ಹೆಚ್ಚು’ ಎಂದು ಬರೆಯುವಾಗ ನೂರು ಇದ್ದದ್ದು ಮುನ್ನೂರಾಯಿತೋ ನಾನೂರಾಯಿತೋ ಎಂದು ಗೊತ್ತಾಗುವುದಿಲ್ಲ. ಸಂಖ್ಯೆಯನ್ನೇ ಕೊಟ್ಟುಬಿಡಿ.

ಯಾವ ಮಿತಿ ಎಂಬುದೂ ಮುಖ್ಯ. ಭೂಮಿಯ ಸರಾಸರಿ ಉಷ್ಣತೆ, ಕೈಗಾರಿಕೆಗಳು ಬರುವ ಮೊದಲಿನ ಮಟ್ಟಕ್ಕಿಂತ 1.5 ಡಿಗ್ರಿ ಸೆಲ್ಸಿಯಸ್ ಮೀರಿದ ಮೊದಲ ಪೂರ್ಣ ವರ್ಷ 2024 ಎಂದು ಯುರೋಪಿನ ಕೊಪರ್ನಿಕಸ್ ಹವಾಮಾನ ಸಂಸ್ಥೆ ಹೇಳಿತು. ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದಲ್ಲೂ 1.5 ಎಂಬ ಅಂಕಿ ಇದೆ. ಇವೆರಡನ್ನೂ ಸೇರಿಸಿ ‘ಪ್ಯಾರಿಸ್ ಒಪ್ಪಂದ ಉಲ್ಲಂಘನೆ’ ಎಂದು ಬರೆದರೆ ತಪ್ಪಾಗುತ್ತದೆ. ಒಪ್ಪಂದ ಹೇಳುವುದು ಹಲವು ವರ್ಷಗಳ ದೀರ್ಘ ಸರಾಸರಿಯನ್ನು. ಒಂದು ವರ್ಷ ಆ ಅಂಕಿಯನ್ನು ಮೀರಿದೆ. ಒಪ್ಪಂದದ ಗುರಿ ಇನ್ನೂ ಮುರಿದಿಲ್ಲ. ಮೀರಿದೆ ಎಂಬುದು ಆತಂಕದ ಸುದ್ದಿಯೇ. ಆದರೆ ಎಲ್ಲ ಮುಗಿದುಹೋಯಿತು ಎಂದು ಓದುಗರು ಕೈಚೆಲ್ಲುವ ಹಾಗೆ ಅದನ್ನು ಬರೆಯಬಾರದು.

ನಿಮ್ಮ ಸುದ್ದಿಮನೆಯಲ್ಲಿ ರಾತ್ರಿ ಹೊತ್ತು ಎಷ್ಟು ಅವಸರದ ಕೆಲಸ ಇರುತ್ತದೆ ಎಂದು ನನಗೆ ಅರ್ಥವಾಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಇದೇ ಕೆಲಸದಲ್ಲಿದ್ದಾರೆ. ಸಾರಾಂಶ ಬರೆದವರ ಮೇಲೆ ನನಗೆ ಕೋಪ ಇಲ್ಲ. ಆದರೆ ಉದ್ಯೋಗದ ಪುಟವನ್ನು ಓದುವವರಲ್ಲಿ ಬಹಳ ಜನ ಮೂಲ ಇಂಗ್ಲಿಷ್ ನೋಡುವುದಿಲ್ಲ. ನಿಮ್ಮ ಕನ್ನಡವನ್ನೇ ನಂಬುತ್ತಾರೆ. ನಂಬುವ ಹಾಗೆ ಅದನ್ನು ಮಾಡಿದ್ದೂ ನೀವೇ. ಅದಕ್ಕೇ ಕೇಳುತ್ತಿದ್ದೇನೆ. ಮೂಲದಲ್ಲಿ ‘ಎಕ್ಸೀಡ್’ ಇದ್ದರೆ ‘ಮೀರು’ ಎಂದು ಬರೆಯಿರಿ. ‘ಅಟೇನ್’ ಇದ್ದರೆ ‘ತುಂಬು’. ‘ಬಿಲೋ’ ಅಥವಾ ‘ಅಂಡರ್’ ಎಂದು ಇದ್ದರೆ ಮಾತ್ರ ‘ಕಡಿಮೆ’, ‘ಒಳಗೆ’. ವಯಸ್ಸಿನ ವಿಷಯದಲ್ಲಿ ‘ಸರಿಯಾಗಿ 30 ಆದವರೂ ಅರ್ಹರು’ ಎಂದು ನಾಲ್ಕು ಪದ ಸೇರಿಸಿದರೆ ಇನ್ನೂ ಒಳ್ಳೆಯದು.

ಅಕ್ಕನ ಮಗಳು ಓದು ಬಿಟ್ಟಿಲ್ಲ. ಬೇರೆ ಒಂದು ಪ್ರಕಟಣೆ ಬರುವ ತಿಂಗಳು ಬರಬಹುದು ಎಂದು ಕಾಯುತ್ತಿದ್ದಾಳೆ. ಅದರಲ್ಲಿ ವಯಸ್ಸಿನ ಮಿತಿ 32 ಇರಬಹುದು ಎನ್ನುತ್ತಾಳೆ. ಅದರ ಸಾರಾಂಶ ನಿಮ್ಮ ಮೇಜಿಗೆ ಬಂದಾಗ, ಅಚ್ಚಿಗೆ ಹೋಗುವ ಮೊದಲು ಆ ಒಂದು ಸಾಲನ್ನು ಮೂಲದ ಪಕ್ಕದಲ್ಲಿಟ್ಟು ನೋಡಿ. ನಾನೂ ಈ ಸಲ ಮೂಲ ತರಿಸಿಕೊಂಡು ಅವಳ ಜೊತೆ ಕೂತು ಓದುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯನ್ನು ಬಹಳ ಕಾಲದಿಂದ ಓದುತ್ತಿರುವವಳು,
ನಿವೃತ್ತ ಇಂಗ್ಲಿಷ್ ಶಿಕ್ಷಕಿ